ವಾರ್ಡ್ ಸಾಮಾನ್ಯಕ್ಕೆ ಹೋದರೆ ಹಿಂದಿನ ಸದಸ್ಯೆ ನಿಲ್ಲಬಾರದಾ? ಪುರಸಭೆಗೆ ಮತ್ತೆ ಸ್ಪರ್ಧಿಸುವ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು

ತೋಡಿನಬದಿ:

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಒಂದು ಪುರಸಭೆಗೆ 2018ರಲ್ಲಿ ಗೆದ್ದು ಬಂದವಳು ನಾನು. ಊರಿನ ಹೆಸರು, ಪಕ್ಷದ ಹೆಸರು ಎರಡನ್ನೂ ಹಾಕುವುದಿಲ್ಲ. ನಾನು ಕೇಳುವ ಪ್ರಶ್ನೆ ಎಲ್ಲ ಊರಿನ, ಎಲ್ಲ ಪಕ್ಷದ ಹೆಂಗಸರಿಗೂ ಇವತ್ತಲ್ಲ ನಾಳೆ ಬರುವಂಥದ್ದು.

ಆ ಸಲ ನಮ್ಮ ವಾರ್ಡ್ ಸಾಮಾನ್ಯ ಮಹಿಳೆಗೆ ಮೀಸಲಾಗಿತ್ತು. ಮುಂದಿನ ಚುನಾವಣೆಗೆ ಬರೀ ಸಾಮಾನ್ಯ ಆಗ್ತದೆ ಎಂದು ಪಕ್ಷದ ಒಳಗೆ ಮಾತು ಉಂಟು. ಪಟ್ಟಿ ಬರುವ ಮೊದಲೇ ಹಿರಿಯರೊಬ್ಬರು ಮನೆಗೆ ಬಂದು, ಚಾ ಕುಡಿದು, “ನಿಮ್ಮದು ಒಂದು ಅವಧಿ ಆಯ್ತಲ್ಲ ಅಕ್ಕ, ಇನ್ನು ಹುಡುಗರಿಗೆ ಬಿಟ್ಟುಕೊಡಿ” ಎಂದರು. ಬಯ್ದು ಹೇಳಿದ್ದಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದ್ದು. ಮಹಿಳಾ ಮೀಸಲು ಇದ್ದಾಗ ಮಾತ್ರ ನಮ್ಮ ನೆನಪಾಗುವುದು, ಮೀಸಲು ತೆಗೆದ ಕೂಡಲೇ ಆ ಜಾಗ ಗಂಡಸರದ್ದು ಅಂತ ಅವರ ಮನಸ್ಸಿನಲ್ಲಿ ಅಷ್ಟು ಖಚಿತವಾಗಿ ಕೂತಿದೆ. ನನಗೆ ಅದೇ ಬೇಸರ.

ನನಗೆ ಮತ್ತೆ ನಿಲ್ಲಬೇಕು ಅಂತ ಉಂಟು. ಐದು ವರ್ಷದ ಅವಧಿ ಎಂದು ಹೇಳುವುದಾದರೂ ಸಿಕ್ಕಿದ್ದು ಎಷ್ಟು ನೋಡಿ. 2018ರ ಆಗಸ್ಟ್ 31ಕ್ಕೆ ಮತದಾನ, ಸೆಪ್ಟೆಂಬರ್ 3ಕ್ಕೆ ಎಣಿಕೆ. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಹೈಕೋರ್ಟಿಗೆ ಹೋಗಿ 2020ರ ಕೊನೆಯವರೆಗೆ ಆಡಳಿತ ಮಂಡಳಿಯೇ ರಚನೆಯಾಗಲಿಲ್ಲ. ಗೆದ್ದವರು ನಾವು, ಕ್ರಿಯಾಯೋಜನೆಗೆ ಸಹಿ ಹಾಕುವವರು ಸರಕಾರ ನೇಮಿಸಿದ ಆಡಳಿತಾಧಿಕಾರಿ. ಜನ ಮನೆ ಬಾಗಿಲಿಗೆ ಬಂದು ದಾರಿದೀಪ ಕೇಳಿದರೆ ಅರ್ಜಿ ಬರೆದು ಕೊಡುವುದಷ್ಟೇ ನಮ್ಮ ಕೈಯಲ್ಲಿತ್ತು. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷರ 30 ತಿಂಗಳ ಮೊದಲ ಅವಧಿ ನಡೆದು 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಂದದ್ದು 2024ರ ಆಗಸ್ಟಿನಲ್ಲಿ. ಮಧ್ಯೆ ಒಂದು ವರ್ಷಕ್ಕೂ ಮಿಕ್ಕಿ ಮತ್ತೆ ಖಾಲಿ. ಕೂಡಿಸಿದರೆ ನಾವು ಸಭೆಯಲ್ಲಿ ಕೂತು ಮಾತಾಡಿದ್ದು ನಾಲ್ಕು ವರ್ಷಕ್ಕಿಂತ ಕಡಿಮೆ.

ಅಷ್ಟರಲ್ಲಿ ನಾನು ಹಿಡಿದುಕೊಂಡದ್ದು ಒಂದೇ ಕೆಲಸ, ನಮ್ಮ ತೋಡು. ವಾರ್ಡಿನ ನಡುವೆ ಹರಿದು ಹೊಳೆ ಸೇರುವ ತೋಡು. ಮೇಲ್ಗಡೆಯ ವಸತಿ ಸಮುಚ್ಚಯಗಳ ಕೊಳಚೆಯನ್ನು ರಾತ್ರಿ ಹೊತ್ತು ಅದಕ್ಕೆ ಬಿಡುತ್ತಿದ್ದರು. ನಮ್ಮದು ಮುರಕಲ್ಲಿನ ನೆಲ, ತೋಡಿಗೆ ಬಿಟ್ಟದ್ದು ಬಾವಿಗೆ ಇಳಿಯುತ್ತದೆ. ನಲ್ಲಿ ನೀರು ಇದ್ದರೂ ನಮ್ಮ ಕಡೆ ಅನ್ನಕ್ಕೆ ಇಡುವುದು ಬಾವಿಯ ನೀರು ಅಲ್ವಾ. ಕೆಲವು ಮನೆಗಳ ಬಾವಿ ನೀರನ್ನು ಪರೀಕ್ಷೆಗೆ ಕಳಿಸಿ, ಬಂದ ವರದಿಯನ್ನು ಸಾಮಾನ್ಯ ಸಭೆಯಲ್ಲಿ ಓದಿದೆ. ನಡಾವಳಿಯಲ್ಲಿ ದಾಖಲಾಗುವವರೆಗೆ ಕೂತುಕೊಳ್ಳಲಿಲ್ಲ. ಮುಖ್ಯಾಧಿಕಾರಿ, ಪರಿಸರ ಎಂಜಿನಿಯರ್, ಆರೋಗ್ಯ ನಿರೀಕ್ಷಕರು ಸ್ಥಳಕ್ಕೆ ಬಂದರು. ತೋಡಿಗೆ ತೆರೆದಿದ್ದ ಪೈಪುಗಳ ಬಾಯಿ ಮುಚ್ಚಿಸಿದರು. ಮೇಲಿನ ಅರ್ಧಕ್ಕೆ ತಡೆಗೋಡೆ ಆಯಿತು. ಕೆಳಗಿನ ಅರ್ಧದ ಅಂದಾಜುಪಟ್ಟಿ ಕಡತದಲ್ಲಿ ಮಲಗಿದೆ. ಆ ಕಡತ ಎಲ್ಲಿದೆ, ಯಾರ ಮೇಜಿನ ಮೇಲೆ ನಿಂತಿದೆ ಎಂದು ಗೊತ್ತಿರುವವಳು ನಾನು. ಹೊಸಬರು ಬಂದರೆ ಮೊದಲಿನಿಂದ ಶುರು.

ನಿಲ್ಲಲಾ ಬೇಡವಾ? ನಿಂತರೆ ಹೇಗೆ?

ನಿವೃತ್ತ ಗುಮಾಸ್ತ:

ಮೇಡಂ, ನಾನು ಕರಾವಳಿಯ ಪುರಸಭೆಗಳಲ್ಲಿ ಗುಮಾಸ್ತನಾಗಿ, ಆಮೇಲೆ ಕಂದಾಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಾನೂನಿನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಸುಲಭ. ಸಾಮಾನ್ಯ ವಾರ್ಡಿನಲ್ಲಿ ಆ ಪಟ್ಟಣದ ಮತದಾರರ ಪಟ್ಟಿಯಲ್ಲಿ ಹೆಸರಿರುವ, 21 ವರ್ಷ ತುಂಬಿದ, ಅನರ್ಹತೆ ಇಲ್ಲದ ಯಾರೂ ನಾಮಪತ್ರ ಹಾಕಬಹುದು. ಗಂಡು, ಹೆಣ್ಣು, ಯಾವ ಜಾತಿಯವರಾದರೂ ಸರಿ.

1993ರ ಜೂನ್ 1ಕ್ಕೆ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಮಹಿಳೆಯರಿಗೆ ‘ಮೂರನೇ ಒಂದಕ್ಕೆ ಕಡಿಮೆಯಿಲ್ಲದಷ್ಟು’ ಸ್ಥಾನ ಎಂದಿದೆ. ಅಂದರೆ ಅದು ಕೆಳಗಿನ ಮಿತಿ. ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಗೆದ್ದು ಬರುವ ಹೆಂಗಸರ ಸಂಖ್ಯೆಗೆ ಮಾತ್ರ ಮೇಲಿನ ಮಿತಿ ಇಲ್ಲ. 23 ವಾರ್ಡಿನ ಪುರಸಭೆಯಲ್ಲಿ 23ಕ್ಕೆ 23 ಹೆಂಗಸರು ಗೆದ್ದು ಬಂದರೂ ಕಾನೂನು ಅಡ್ಡ ಬರುವುದಿಲ್ಲ.

ಇನ್ನು ಆವರ್ತನೆ ಪದ್ಧತಿ, ಅಂದರೆ ವಾರ್ಡಿನ ಮೀಸಲು ಸರದಿಯಲ್ಲಿ ಬದಲಾಗುವುದು. ಒಂದೇ ವಾರ್ಡ್ ಒಂದೇ ವರ್ಗಕ್ಕೆ ಅಂಟಿಕೊಳ್ಳಬಾರದು ಎಂದು ಮಾಡಿದ್ದು. ಉದ್ದೇಶ ಒಳ್ಳೆಯದೇ. ಆದರೆ ಅದರಿಂದ ಆಗುವ ನಷ್ಟವನ್ನು ಕಚೇರಿಯ ಒಳಗೆ ಕೂತು ಕಣ್ಣಾರೆ ನೋಡಿದ್ದೇನೆ. ಮೊದಲ ವರ್ಷ ಸದಸ್ಯರಿಗೆ ಕಡತ ಓದಲು ಬರುವುದಿಲ್ಲ. ಎರಡನೇ ವರ್ಷ ಪ್ರಶ್ನೆ ಕೇಳಲು ಕಲಿಯುತ್ತಾರೆ. ಸರಿಯಾಗಿ ಹಿಡಿದು ಕೇಳುವಷ್ಟರಲ್ಲಿ ಅವಧಿ ಮುಗಿದು ವಾರ್ಡ್ ಬೇರೆ ವರ್ಗಕ್ಕೆ ಹೋಗಿರುತ್ತದೆ. ಮತ್ತೆ ಬಂದು ಕೂತ ಸದಸ್ಯರ ಮುಂದೆ ಅಧಿಕಾರಿಗಳೂ ಗುತ್ತಿಗೆದಾರರೂ ಹುಷಾರಾಗಿರುತ್ತಾರೆ. ಹಾಗಾಗಿ ನೀವು ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ವಾರ್ಡುವಾರು ಮೀಸಲಾತಿ ಮೊದಲು ಕರಡಾಗಿ ರಾಜ್ಯಪತ್ರದಲ್ಲಿ ಬರುತ್ತದೆ. ಆಕ್ಷೇಪಣೆಗೆ ಕೊಡುವ ಸಮಯ ಬಹಳ ಕಡಿಮೆ. ತಕರಾರು ಇದ್ದರೆ ಬರೆದಿಟ್ಟುಕೊಂಡು ತಯಾರಿರಿ, ಕರಡು ಬಂದ ಕೂಡಲೇ ಮಣಿಪಾಲದ ರಜತಾದ್ರಿಗೆ, ಅಂದರೆ ಜಿಲ್ಲಾಧಿಕಾರಿ ಕಚೇರಿಗೆ, ಹೋಗಿ ಕೊಟ್ಟು ಹಿಂಬರಹ ಪಡೆಯಿರಿ.

ಕುಂದಾಪ್ರದ್ ಹುಡ್ಗ:

ಹ್ವಾಯ್ ಅಕ್ಕ, ಬಿಡುಕಾಗ ಕಾಣಿ! ಹುಡ್ಗ್ರಿಗೆ ಬಿಡಿ ಅಂದ್ರೆ ಎಂತ? ಆ ವಾರ್ಡಗೆ ಹೆಂಗ್ಸ್ರ್ ವೋಟ್ ಇಲ್ದಾ? ಟಿಕೆಟ್ ಕೊಡ್ದಿರೆ ಪಕ್ಷೇತರ ನಿಲ್ಲಿ. 2018ರಗೆ ಕಾರ್ಕಳದಗೆ ಎರಡ್ ಪಕ್ಷಕ್ಕೂ 11, 11 ಬಂದ್, ಉಳ್ದ್ ಒಂದ್ ಸೀಟ್ ಪಕ್ಷೇತರಕ್ಕೆ ಹೋಯ್ತ್. ಆ ಒಂದ್ ಓಟಿಗೆ ಎಷ್ಟ್ ಬೆಲೆ ಬಂತ್ ಅಂತ ಎಲ್ರೂ ಕಂಡಿರ್ ಅಲ್ದಾ.

ಅಂಗಡಿಬೀದಿ:

ಎಲ್ಲರೂ ಹೊಗಳುವ ಮೊದಲು ನಾನೊಂದು ಮಾತು ಹೇಳ್ತೇನೆ, ತಪ್ಪು ತಿಳಿಯಬೇಡಿ ಅಕ್ಕ. ನನ್ನದು ನಿಮ್ಮಂಥದೇ ಒಂದು ಪಟ್ಟಣದಲ್ಲಿ ಸಣ್ಣ ಅಂಗಡಿ. ಅಧಿಕಾರ ಇರಲಿಲ್ಲ, ಕೋರ್ಟಿನಲ್ಲಿತ್ತು ಎಂದು ಎಲ್ಲ ಸದಸ್ಯರೂ ಹೇಳ್ತಾರೆ. ಆದರೆ ಅಧಿಕಾರ ಬಂದ ಮೇಲೆ ನಮ್ಮ ಬೀದಿಯಲ್ಲಿ ಆದದ್ದು ಎಂತ? ಚೆನ್ನಾಗಿದ್ದ ರಸ್ತೆಯ ಬದಿಗೆ ಇಂಟರ್‌ಲಾಕ್ ಹಾಕಿದರು. ಚರಂಡಿಯ ಸ್ಲ್ಯಾಬ್ ಮುರಿದದ್ದು ಹಾಗೆಯೇ ಉಂಟು. ಮೊದಲ ಮಳೆಗೇ ನೀರು ಅಂಗಡಿಯ ಒಳಗೆ. ಆಸ್ತಿ ತೆರಿಗೆ ಮಾತ್ರ ಪ್ರತಿ ವರ್ಷ ತಪ್ಪದೆ ಕಟ್ಟುತ್ತೇನೆ, ಏಪ್ರಿಲಿನಲ್ಲೇ, 5% ರಿಯಾಯಿತಿ ಸಿಗ್ತದೆ ಅಂತ.

ಗಂಡಸೋ ಹೆಂಗಸೋ ನನಗೆ ಮುಖ್ಯ ಅಲ್ಲ. ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು, ಯಾಕೆ ಇಂಟರ್‌ಲಾಕ್ ಮೊದಲು, ಸ್ಲ್ಯಾಬ್ ಆಮೇಲೆ? ಇದನ್ನು ನನಗೆ ಅರ್ಥ ಆಗುವ ಹಾಗೆ ಹೇಳಿದ ಸದಸ್ಯರು ಇವತ್ತಿನವರೆಗೆ ಒಬ್ಬರೂ ಸಿಕ್ಕಿಲ್ಲ. ನೀವು ಹೇಳ್ತೀರಾದರೆ ಓಟು ಕೇಳುವ ಹಕ್ಕು ನಿಮಗುಂಟು.

ತೋಡಿನಬದಿ:

ಅಂಗಡಿಬೀದಿ ಅಣ್ಣ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನನ್ನ ವಾರ್ಡಿನ ಮಟ್ಟಿಗೆ ಹೇಳ್ತೇನೆ.

ನಮಗೆ ಬರುವ ಹಣದ ಮೇಲೆ ಮೊದಲೇ ಹೆಸರು ಬರೆದಿರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60% ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದಾಗಿತ್ತು, ಅದನ್ನು ರಸ್ತೆಗೆ ಮುಟ್ಟುವ ಹಾಗಿರಲಿಲ್ಲ. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿಯೂ ಪುರಸಭೆಯ ಸ್ವಂತ ನಿಧಿಯಲ್ಲಿಯೂ 24.10% ಪರಿಶಿಷ್ಟ ಜಾತಿ, ಪಂಗಡದವರಿಗೆ, 7.25% ಇತರ ಬಡವರಿಗೆ, 5% ಅಂಗವಿಕಲರಿಗೆ ತೆಗೆದಿಡಬೇಕು. ತೆಗೆದಿಡಲೇಬೇಕು, ಅದು ಅವರ ಹಕ್ಕು. ಇದೆಲ್ಲ ಆಗಿ, ನೌಕರರ ಖರ್ಚು, ವಿದ್ಯುತ್ ಬಿಲ್ಲು ಕಳೆದು ಉಳಿದದ್ದನ್ನು ಎಲ್ಲ ವಾರ್ಡಿಗೂ ಹಂಚುವುದು. ಆ ಹಂಚುವ ದಿನ ಸಭೆಯಲ್ಲಿ ಏನು ನಡೆಯುತ್ತದೆ ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ಇಂಟರ್‌ಲಾಕ್ ಬೇಗ ಆಗ್ತದೆ, ಕಣ್ಣಿಗೆ ಕಾಣ್ತದೆ, ಉದ್ಘಾಟನೆಗೆ ಫಲಕ ನಿಲ್ಲಿಸಬಹುದು. ಚರಂಡಿಯ ಕೆಲಸ ಕಾಣುವುದು ಮಳೆಗಾಲದಲ್ಲಿ ಮಾತ್ರ, ಅದೂ ಹಾಳಾದಾಗ. ನಮ್ಮ ಜಿಲ್ಲೆಗೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಇಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ನೀರು ಹೋಗುವ ದಾರಿ. ನಾನು ಪ್ರತಿ ಸಭೆಯಲ್ಲಿ ಹೇಳಿದ್ದು ಅದನ್ನೇ. ನನ್ನ ವಾರ್ಡಿನ ಎರಡು ಅಡ್ಡರಸ್ತೆಗೆ ಈಗಲೂ ಕಾಂಕ್ರೀಟ್ ಆಗಿಲ್ಲ, ಅಲ್ಲಿಯವರಿಗೆ ನನ್ನ ಮೇಲೆ ಸಿಟ್ಟು ಉಂಟು. ಹಣವನ್ನು ತೋಡಿನ ಗೋಡೆಗೆ ಹಾಕಿಸಿದ್ದು ನಾನೇ. ಮತ್ತೆ ಗೆದ್ದರೂ ಕೆಳಗಿನ ಗೋಡೆ ಮುಗಿಸಿಯೇ ರಸ್ತೆಗೆ ಬರುವುದು. ಇದನ್ನು ಓಟು ಕೇಳುವಾಗಲೂ ಹೀಗೆಯೇ ಹೇಳ್ತೇನೆ.

ಹಳೆ ಕಾರ್ಯಕರ್ತ:

ನಾನು ಯಾವ ಪಕ್ಷ ಎಂದು ಹೇಳುವುದಿಲ್ಲ, ಟಿಕೆಟ್ ಹಂಚುವ ಕೋಣೆಯ ಹೊರಗೆ ತುಂಬ ವರ್ಷ ನಿಂತವನು. ಅಕ್ಕನಿಗೆ ಒಳಗಿನ ಲೆಕ್ಕ ಗೊತ್ತಿರಲಿ ಅಂತ ಬರೆಯುತ್ತೇನೆ.

ಮಹಿಳಾ ವಾರ್ಡಿಗೆ ಅಭ್ಯರ್ಥಿ ಹುಡುಕುವಾಗ ಯಾರ ಹೆಂಡತಿ, ಯಾರ ಅತ್ತಿಗೆ ಎಂದು ನೋಡುತ್ತಾರೆ. ಗೆದ್ದ ಮೇಲೆ ಗಂಡನೇ ಕಚೇರಿಗೆ ಹೋಗಿ ಗುತ್ತಿಗೆದಾರರ ಹತ್ತಿರ ಮಾತಾಡುವ ಊರುಗಳೂ ಇವೆ. ವಾರ್ಡ್ ಸಾಮಾನ್ಯಕ್ಕೆ ಬಂದರೆ ಐದು ವರ್ಷ ಕಾದು ಕೂತ ಹುಡುಗರು ನಾಲ್ಕೈದು ಜನ ಇರುತ್ತಾರೆ. ಅವರು ಬ್ಯಾನರ್ ಕಟ್ಟಿದವರು, ವಿಧಾನಸಭೆ ಚುನಾವಣೆಗೆ ಬೂತಿನಲ್ಲಿ ಕೂತವರು. ಅವರಿಗೆ ಏನು ಹೇಳುವುದು ಎಂಬ ಚಿಂತೆ ನಾಯಕರಿಗೆ ನಿಜವಾಗಿಯೂ ಇರುತ್ತದೆ. ಅದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಬೇಡಿ.

ಆದರೆ ಒಂದು ದಾರಿ ಉಂಟು. ಟಿಕೆಟ್ ಬಾಯಿಮಾತಿನಲ್ಲಿ ಕೇಳಬೇಡಿ. ಬರೆದು ಕೊಡಿ. ಸಭೆಗೆ ನಿಮ್ಮ ಹಾಜರಾತಿ, ನೀವು ಕೇಳಿದ ಪ್ರಶ್ನೆ, ನಡಾವಳಿಯ ಪ್ರತಿ, ಬಾವಿ ನೀರಿನ ವರದಿ ಎಲ್ಲ ಲಗತ್ತಿಸಿ. ಬೇರೆಯವರು ಎಂತ ಲಗತ್ತಿಸುತ್ತಾರೆ ನೋಡುವ.

ಕುಂದಾಪ್ರದ ತಮ್ಮ ಹೇಳಿದ ಹಾಗೆ ಪಕ್ಷೇತರ ನಿಲ್ಲುವ ಮೊದಲು ಮೂರು ಸಲ ಯೋಚಿಸಿ. ಪುರಸಭೆ ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತ ಉಂಟು, ಸಂಖ್ಯೆ ಹತ್ತಿರ ಬಂದ ಕಡೆ ಅದೇ ನಿರ್ಣಾಯಕ. ಪಕ್ಷೇತರರಾಗಿ ಗೆದ್ದು ಆಮೇಲೆ ಪಕ್ಷ ಸೇರುವ ಹಾಗಿಲ್ಲ, ಸ್ಥಳೀಯ ಸಂಸ್ಥೆಗಳಿಗೂ ಪಕ್ಷಾಂತರ ನಿಷೇಧ ಕಾಯ್ದೆ 1987ರಿಂದಲೇ ಇದೆ.

ಪೌರಕಾರ್ಮಿಕರ ಮಗಳು:

ಎಲ್ಲರೂ ಟಿಕೆಟಿನ ಮಾತಾಡ್ತಾ ಇದ್ದೀರಿ. ನಾನು ಕಸದ ಮಾತಾಡ್ತೇನೆ.

ನನ್ನ ಅಮ್ಮ ಬೆಳಿಗ್ಗೆ ಕತ್ತಲಲ್ಲೇ ಎದ್ದು ಕೆಲಸಕ್ಕೆ ಹೋಗುವವರು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಕ್ಕೆ ಎಲ್ಲ ಸದಸ್ಯರೂ ಬಂದು ಶಾಲು ಹೊದಿಸುತ್ತಾರೆ. ಉಳಿದ ದಿನ ಕಸ ವಿಂಗಡಿಸುವ ಘಟಕದ ಕಡೆ ಯಾರು ಬರ್ತಾರೆ? ನಮ್ಮ ಊರಿನಲ್ಲಿ ಬರುತ್ತಿದ್ದವರು ಒಬ್ಬರೇ, ಅವರೂ ಮಹಿಳಾ ಮೀಸಲು ವಾರ್ಡಿನಿಂದ ಗೆದ್ದವರು. ಕೈಗವಸು ಬಂತಾ, ಬೂಟಿನ ಅಳತೆ ಸರಿ ಉಂಟಾ, ಬಟ್ಟೆ ಬದಲಿಸಲು ಜಾಗ ಉಂಟಾ ಎಂದು ಕೇಳುತ್ತಿದ್ದರು. ಬಟ್ಟೆ ಬದಲಿಸುವ ಕೋಣೆಯ ವಿಷಯ ಗಂಡಸು ಸದಸ್ಯರಿಗೆ ಹೊಳೆಯಲೇ ಇಲ್ಲ. ಅವರ ವಾರ್ಡ್ ಈ ಸಲ ಬೇರೆ ವರ್ಗಕ್ಕೆ ಹೋದರೆ ಅವರನ್ನು ನಾವು ಕಳೆದುಕೊಳ್ಳುತ್ತೇವೆ.

ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಎಂದು ಮತದಾರರ ಹತ್ತಿರ ಹೇಳುವ ಧೈರ್ಯ ಎಷ್ಟು ಅಭ್ಯರ್ಥಿಗಳಿಗೆ ಉಂಟು? ಓಟು ಕೇಳಲು ಹೋದಾಗ ಇದನ್ನು ಹೇಳಿದರೆ ಮುಖ ಗಂಟು ಹಾಕುತ್ತಾರೆ. ಅಕ್ಕ, ನೀವು ನಿಂತರೆ ದಯವಿಟ್ಟು ಹೇಳಿ. ಮನೆಯಲ್ಲಿ ಬೇರೆ ಮಾಡದೆ ಕೊಟ್ಟ ಕಸವನ್ನು ಆಮೇಲೆ ಕೈಯಿಂದ ಬೇರೆ ಮಾಡುವವರು ನಮ್ಮ ಅಮ್ಮಂದಿರು.

ಕುಡ್ಲದವಳು:

ಮೇಲಿನ ತಂಗಿ ಹೇಳಿದ್ದು ಓದಿ ಮನಸ್ಸು ಭಾರ ಆಯಿತು. 2019ರ ಆಗಸ್ಟಿನಲ್ಲಿ ನಮ್ಮ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜರಿದು ಪಕ್ಕದ ಮಂದಾರದ ಮನೆ, ತೋಟಗಳ ಮೇಲೆ ಬಿತ್ತು. ತಲೆಮಾರುಗಳಿಂದ ಬಾಳಿ ಬದುಕಿದ ಜಾಗ ಬಿಟ್ಟು ಜನ ಹೊರಡಬೇಕಾಯಿತು. ಇಡೀ ಮಂಗಳೂರು ಬೇರೆ ಮಾಡದೆ ಕೊಟ್ಟ ಕಸ ಅದು.

ನಮ್ಮ ಮಹಾನಗರಪಾಲಿಕೆಯ ಅವಧಿ 2025ರ ಫೆಬ್ರುವರಿಯಲ್ಲಿ ಮುಗಿಯಿತು. ಆಮೇಲೆ ನಮಗೂ ಆಡಳಿತಾಧಿಕಾರಿ. 60 ವಾರ್ಡಿನ ಊರಿಗೆ ಕಾರ್ಪೊರೇಟರ್ ಇಲ್ಲದಿದ್ದರೆ ಹೇಗೆ ಆಗ್ತದೆ ಅಂದರೆ, ದಾರಿದೀಪ ಉರಿಯದಿದ್ದರೆ ಯಾರಿಗೆ ಫೋನ್ ಮಾಡುವುದು ಎಂದು ಗೊತ್ತಾಗುವುದಿಲ್ಲ. ಅಧಿಕಾರಿಗಳು ಒಳ್ಳೆಯವರೇ ಇರಬಹುದು, ಆದರೆ ಅವರು ನಮ್ಮ ಓಣಿಯಲ್ಲಿ ನಡೆದು ಹೋಗುವವರಲ್ಲ. ಸದಸ್ಯರಾದರೆ ಮೀನು ಮಾರ್ಕೆಟಿನಲ್ಲಿ ಸಿಕ್ಕಿದಾಗ ತಡೆದು ಕೇಳಬಹುದು.

ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದಲ್ಲೇ ಇದೆ. 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಮೀಸಲಾತಿ, ವಾರ್ಡ್ ವಿಂಗಡಣೆಯ ಕಾರಣಕ್ಕೆ ಚುನಾವಣೆ ಮುಂದೂಡಬಾರದು ಎಂದಿತು. ಅಕ್ಕ ನಿಲ್ಲಬೇಕು ಅಷ್ಟೇ ಅಲ್ಲ, ಚುನಾವಣೆ ಬೇಗ ಮಾಡಿ ಎಂದು ನಾವೆಲ್ಲ ಒಟ್ಟಾಗಿ ಕೇಳಬೇಕು.

ಮುಂಬಯಿ ಬಸ್ಸು:

ಪುರಸಭೆ ಸದಸ್ಯರದ್ದು ಸಣ್ಣ ಹುದ್ದೆ, ಇಷ್ಟು ಚರ್ಚೆ ಬೇಕಾ ಎನ್ನುವವರು ಇರಬಹುದು. ನನ್ನ ಅಪ್ಪ, ಅಮ್ಮ ಇಬ್ಬರೇ ಊರಿನಲ್ಲಿದ್ದಾರೆ, ನಾನು ಮುಂಬಯಿಯಲ್ಲಿ. ಅವರಿಗೆ ಬೇಕಾದ್ದು ನೀರು, ದೀಪ, ಕಸದ ಗಾಡಿ, ಮನೆ ಮುಂದಿನ ಚರಂಡಿ. ಇದರಲ್ಲಿ ಒಂದನ್ನೂ ಶಾಸಕರೋ ಸಂಸದರೋ ಬಂದು ನೋಡುವುದಿಲ್ಲ.

ನಿವೃತ್ತ ಗುಮಾಸ್ತ:

ಸಣ್ಣ ಹುದ್ದೆ ಎಂಬ ಮಾತು ಬಂದದ್ದರಿಂದ ಹೇಳುತ್ತೇನೆ. 1968ರಲ್ಲಿ ಡಾ. ವಿ.ಎಸ್. ಆಚಾರ್ಯರು ಉಡುಪಿ ಪುರಸಭೆಯ ಅಧ್ಯಕ್ಷರಾದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಉಡುಪಿಯಲ್ಲಿ ನಿಲ್ಲಿಸಿದ್ದು ಅವರಿದ್ದ ಆಡಳಿತ. ಆಸ್ಕರ್ ಫರ್ನಾಂಡಿಸರು ಸಾರ್ವಜನಿಕ ಜೀವನ ಶುರು ಮಾಡಿದ್ದೂ ಅದೇ ಪುರಸಭೆಯ ಸದಸ್ಯರಾಗಿ. ಇಬ್ಬರ ಪಕ್ಷ ಬೇರೆ, ದಾರಿ ಬೇರೆ. ಒಬ್ಬರು ರಾಜ್ಯದ ಗೃಹ ಸಚಿವರಾದರು, ಇನ್ನೊಬ್ಬರು ಕೇಂದ್ರದ ಸಚಿವರಾದರು. ಇಬ್ಬರೂ ಮೊದಲು ಕಲಿತದ್ದು ಚರಂಡಿ, ನೀರು, ತೆರಿಗೆಯ ಕಡತಗಳಿಂದ. ಅದೇ ಮೇಜಿನ ಸುತ್ತ ಹೆಂಗಸರೂ ಎರಡು, ಮೂರು ಅವಧಿ ಕೂರುವ ಹಾಗಾದರೆ ಅವರಿಂದಲೂ ಅಂಥವರು ಬರುತ್ತಾರೆ. ಒಂದೇ ಅವಧಿಗೆ ಕಳಿಸಿ ಮನೆಗೆ ಕರೆದರೆ ಹೇಗೆ ಬರುವುದು?

ಮೇಡಂ, ಇನ್ನೊಂದು ಮುಖ್ಯ ವಿಷಯ. ನಿಮ್ಮ ಮನೆ ತೆರಿಗೆ, ನೀರಿನ ಬಿಲ್ಲು ಒಂದು ರೂಪಾಯಿಯೂ ಬಾಕಿ ಇಲ್ಲದ ಹಾಗೆ ನೋಡಿಕೊಳ್ಳಿ. ಬಾಕಿಯ ಕಾರಣಕ್ಕೆ ನಾಮಪತ್ರಕ್ಕೆ ತಕರಾರು ಹಾಕುತ್ತಾರೆ. ಖರ್ಚಿನ ಲೆಕ್ಕವನ್ನೂ ಮೊದಲ ದಿನದಿಂದ ಬರೆದಿಡಿ. ಕಳೆದ ಸಲ ಪುರಸಭೆಗೆ ಮಿತಿ ₹1.5 ಲಕ್ಷ ಇತ್ತು, ಈ ಸಲದ ಮಿತಿಯನ್ನು ಚುನಾವಣಾಧಿಕಾರಿಯ ಕಚೇರಿಯಲ್ಲಿ ಲಿಖಿತವಾಗಿ ಪಡೆಯಿರಿ.

ಅಂಗಡಿಬೀದಿ:

ಅಕ್ಕ, ನಿಮ್ಮ ಉತ್ತರ ಓದಿದೆ. ಎರಡು ರಸ್ತೆ ಬಿಟ್ಟು ತೋಡು ಮಾಡಿದೆ, ಮುಂದೆಯೂ ಹಾಗೆಯೇ ಮಾಡ್ತೇನೆ ಎಂದು ಚುನಾವಣೆಗೆ ಮೊದಲು ಹೇಳುವವರನ್ನು ನಾನು ನೋಡಿದ್ದು ಇದೇ ಮೊದಲು. ಆ ಎರಡು ರಸ್ತೆಯವರ ಓಟು ಹೋಗಬಹುದು, ಅದಕ್ಕೆ ತಯಾರಿರಿ. ಬಾವಿ ಚೊಕ್ಕ ಆದ ಮನೆಯವರು ನಿಮ್ಮ ಜೊತೆ ಅವರ ಮನೆಗಳಿಗೆ ಬಂದು ಮಾತಾಡಬೇಕು. ನೀವು ಒಬ್ಬರೇ ಹೋದರೆ ಆಗುವುದಿಲ್ಲ.

ತೋಡಿನಬದಿ:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಮನೆಯವರ ಜೊತೆ, ಅತ್ತೆಯ ಜೊತೆ ಕೂತು ಮಾತಾಡಿದೆ. ತೀರ್ಮಾನ ಹೇಳ್ತೇನೆ.

ಟಿಕೆಟ್ ಕೇಳುತ್ತೇನೆ. ಕಾರ್ಯಕರ್ತ ಅಣ್ಣ ಹೇಳಿದ ಹಾಗೆ ಲಿಖಿತವಾಗಿ, ಎಲ್ಲ ಲಗತ್ತು ಸಮೇತ. ವಾರ್ಡ್ ಸಾಮಾನ್ಯ ಆಗಲಿ, ಮಹಿಳೆಗೇ ಉಳಿಯಲಿ, ಅರ್ಜಿ ಅದೇ. ಕಾದು ಕೂತ ಹುಡುಗರ ಹತ್ತಿರ ನಾನೇ ಹೋಗಿ ಮಾತಾಡ್ತೇನೆ. ಅವರಲ್ಲಿ ಇಬ್ಬರು ತೋಡಿನ ಹೂಳೆತ್ತುವಾಗ ನನ್ನ ಜೊತೆ ಮಳೆಗೆ ನಿಂತವರು. ಪಕ್ಕದ ವಾರ್ಡಿಗೆ ಒಳ್ಳೆಯ ಅಭ್ಯರ್ಥಿ ಇಲ್ಲ, ಒಬ್ಬರು ಅಲ್ಲಿ ನಿಲ್ಲಬಹುದು ಎಂಬುದು ನನ್ನ ಯೋಚನೆ.

ಪಕ್ಷೇತರ ನಿಲ್ಲುವುದಿಲ್ಲ. ಕುಂದಾಪ್ರದ ತಮ್ಮನಿಗೆ ಬೇಸರ ಆಗಬಹುದು. ಕೆಳಗಿನ ತಡೆಗೋಡೆ ಸಭೆಯಲ್ಲಿ ಪಾಸಾಗಲು ಅಲ್ಲಿದ್ದವರಲ್ಲಿ ಹೆಚ್ಚಿನವರ ಒಪ್ಪಿಗೆ ಬೇಕು, ಒಬ್ಬಳೇ ನಿಂತು ಅದನ್ನು ಮಾಡಿಸಲು ನನ್ನಿಂದ ಆಗುವುದಿಲ್ಲ. ಟಿಕೆಟ್ ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂದು ವಾರ್ಡಿನ ಜನರ ಮುಂದೆ ಪಕ್ಷದವರೇ ಬಂದು ಹೇಳಲಿ ಎಂದು ಅರ್ಜಿಯಲ್ಲೇ ಬರೆಯುತ್ತೇನೆ. ತಂಗಿ, ಕಸದ ಮಾತನ್ನು ಪ್ರತಿ ಮನೆಯಲ್ಲಿ ಹೇಳ್ತೇನೆ, ನೀನೂ ಒಂದು ದಿನ ಬಂದು ಹೇಳಿದರೆ ಇನ್ನೂ ಒಳ್ಳೆಯದು.

ಈಗ ಮಾಡಬೇಕಾದ ಕೆಲಸ ಮತದಾರರ ಪಟ್ಟಿ. ಕಳೆದ ಸಲ ನಮ್ಮ ತೋಡಿನ ಆಚೆ ಬದಿಯ ಕೆಲವು ಮನೆಗಳ ಹೆಸರು ಪಕ್ಕದ ವಾರ್ಡಿಗೆ ಸೇರಿತ್ತು. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಉಂಟು. ಮನೆ ಮನೆಗೆ ಹೋಗಿ ನೋಡಬೇಕು. ಯಾರಾದರೂ ಜೊತೆಗೆ ಬರ್ತೀರಾ?

ಪೌರಕಾರ್ಮಿಕರ ಮಗಳು:

ಖಂಡಿತ ಬರ್ತೇನೆ ಅಕ್ಕ. ನನಗೆ ಭಾನುವಾರ ರಜೆ.

ನಿವೃತ್ತ ಗುಮಾಸ್ತ:

ಮುದ್ರಿತ ಪಟ್ಟಿಯ ಪ್ರತಿ ತೆಗೆದುಕೊಂಡು ಹೋಗಿ. ಹೆಸರು ಸೇರಿಸಲು ನಮೂನೆ 6, ವಿಳಾಸ ಬದಲಾದವರಿಗೆ ನಮೂನೆ 8. ತುಂಬಿಸುವಾಗ ಸಂಶಯ ಬಂದರೆ ಇಲ್ಲಿಯೇ ಕೇಳಿ, ನಾನು ದಿನಾ ಸಂಜೆ ನೋಡುತ್ತೇನೆ.

ಮುಂಬಯಿ ಬಸ್ಸು:

ಅಪ್ಪ, ಅಮ್ಮನ ಹೆಸರು ಸರಿ ಉಂಟಾ ಎಂದು ಇವತ್ತೇ ಫೋನ್ ಮಾಡಿ ಕೇಳ್ತೇನೆ.